ಪರೀಕ್ಷೆ ಮಾಡದೆ ಪ್ಯಾಕೇಜ್ ಹೇಳಿದರೆ ದುಡ್ಡು ಕಟ್ಟಬೇಡಿ

ಕಲಬುರಗಿಯಲ್ಲಿ ಹೆರಿಗೆ ನಂತರದ ತೊಂದರೆಗೆ ಫಿಸಿಯೋಥೆರಪಿ ಹುಡುಕುತ್ತಿರುವ ಅಕ್ಕ-ತಂಗಿಯರು ಇದನ್ನು ಓದಿ. ಸೆಂಟರ್ ಹೆಸರು ಇಲ್ಲಿ ಬರೆಯಲ್ಲ, ದೂರು ಕೊಡುವ ಕೆಲಸ ನಡೆದಿದೆ.

ಎರಡನೇ ಹೆರಿಗೆ ಆದಮೇಲೆ ಕೆಮ್ಮಿದರೆ, ಸೀನಿದರೆ ನನಗೆ ಮೂತ್ರ ಹನಿಯುತ್ತಿತ್ತು. ಹೊಲಿಗೆ ಹಾಕಿದ ಕಡೆ ಎಳೆತ ಬೇರೆ. "ಹಡದಮ್ಯಾಲ ಎಲ್ಲಾರಿಗೂ ಹಿಂಗೇ ಇರ್ತದ ಬಿಡವ್ವಾ" ಅಂದರು ಅತ್ತೆ. ಏಪ್ರಿಲ್ ಬಿಸಿಲಲ್ಲಿ ಮದುವೆಗೆ ಹೊರಟರೆ ಬೆಳಗ್ಗೆಯಿಂದ ನೀರೇ ಮುಟ್ಟದ ಹೆಂಗಸರು ನಮ್ಮ ಮನೆಯಲ್ಲೇ ಇದ್ದಾರೆ. ಯಾರೂ ಬಾಯಿ ಬಿಡಲ್ಲ. ಇಂಥ ಸೆಂಟರ್‌ಗಳ ವ್ಯಾಪಾರ ನಡೆಯುವುದೇ ಅದರ ಮೇಲೆ.

ನಾನು ಹೋದ ಸೆಂಟರ್‌ನಲ್ಲಿದ್ದ ಹುಡುಗಿ ನನ್ನ ಮಾತು ಪೂರ್ತಿ ಕೇಳುವ ಮೊದಲೇ "ಮಸಲ್ ಲೂಸ್ ಆಗ್ಯಾವ್ರಿ ಅಕ್ಕಾ, ಹತ್ತು ಸಿಟಿಂಗ್‌ನ್ಯಾಗ ಟೈಟ್ ಆಗ್ತದ" ಅಂದಳು. ಮುಟ್ಟಿ ನೋಡಲಿಲ್ಲ. ಗರ್ಭಿಣಿಯಾ, ಪೇಸ್‌ಮೇಕರ್ ಇದೆಯಾ ಅಂತಲೂ ಕೇಳಲಿಲ್ಲ. ಕರೆಂಟ್ ಮಷೀನ್ ಹಚ್ಚುವ ಮುಂಚೆ ಕೇಳಲೇಬೇಕಾದ ಪ್ರಶ್ನೆಗಳು ಅವು. ಪೂರ್ತಿ ದುಡ್ಡು ಮುಂಗಡ. ಪ್ಯಾಡ್ ಅಂಟಿಸಿ, ಪರದೆ ಎಳೆದು, ಆಕೆ ಫೋನ್ ಹಿಡಿದು ಹೊರಗೆ ಕೂರುತ್ತಿದ್ದಳು. ಮನೆಯಲ್ಲಿ ದಿನವಿಡೀ ಕೆಗೆಲ್ (ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮ) ಮಾಡಿ, ಎಷ್ಟು ಬಿಗಿ ಹಿಡಿದರೆ ಅಷ್ಟು ಒಳ್ಳೇದು ಅಂತ ಬೇರೆ ಹೇಳಿದಳು.

ನೋವು ಜಾಸ್ತಿ ಆಯಿತು. ಕೂತು ಮಗುವಿಗೆ ಹಾಲು ಕುಡಿಸಲೂ ಆಗದಂತಾಯಿತು. ಮೂತ್ರ ಹನಿಯುವುದೂ ನಿಲ್ಲಲಿಲ್ಲ. ಹೇಳಿದರೆ "ಇನ್ನೊಂದು ಪ್ಯಾಕೇಜ್ ತಗೋರಿ" ಅನ್ನುವುದೇ?

ಕೊನೆಗೆ ಸ್ತ್ರೀರೋಗ ವೈದ್ಯೆ ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಹೈದರಾಬಾದಿನಲ್ಲಿ ಇದರದೇ ತರಬೇತಿ ಇರುವ ಫಿಸಿಯೋ ಹತ್ತಿರ ಕಳಿಸಿದರು. ಆಕೆ ಮೊದಲು ಎಲ್ಲಾ ವಿವರಿಸಿ, ನನ್ನ ಒಪ್ಪಿಗೆ ಕೇಳಿ, ಗ್ಲೌಸ್ ಹಾಕಿ ಒಂದು ಬೆರಳಿನಿಂದ ಪರೀಕ್ಷೆ ಮಾಡಿದರು. "ಬೇಡ ಅಂದ ಕ್ಷಣ ನಿಲ್ಲಿಸ್ತೀನಿ" ಅಂದರು. ಮೂತ್ರ ತಡೆಯುವ ನನ್ನ ಸ್ನಾಯು ಸಡಿಲ ಇರಲಿಲ್ಲ, ಬಿಗಿದುಕೊಂಡಿತ್ತು! ಮೊದಲೇ ಮುಚ್ಚಿದ ಮುಷ್ಟಿಯನ್ನು ಇನ್ನೆಷ್ಟು ಮುಚ್ಚಲು ಆಗುತ್ತೆ? ಅದಕ್ಕೇ ಕೆಮ್ಮು ಬಂದಾಗ ಅದು ಹಿಡಿಯುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಮೊದಲು ಸಡಿಲ ಬಿಡುವ ವ್ಯಾಯಾಮ, ಹೊಟ್ಟೆಯಿಂದ ಉಸಿರಾಟ.

ಕೆಗೆಲ್ ಕೆಟ್ಟದ್ದು ಅಂತಲ್ಲ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಅದರ ಬಗ್ಗೆ ಬರೆದಾಗಿನಿಂದ ಎಷ್ಟೋ ಜನರಿಗೆ ಉಪಯೋಗ ಆಗಿದೆ. ಸ್ನಾಯು ಸಡಿಲ ಇದ್ದವರಿಗೆ ಅದೇ ಮೊದಲ ಮದ್ದು. ಆದರೆ ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಸಲಹೆಯಲ್ಲೇ ಕಡಿಮೆ ಅಂದರೂ 3 ತಿಂಗಳು, ದಿನಕ್ಕೆ 3 ಸಲ, ಸಲಕ್ಕೆ ಕಡಿಮೆ ಅಂದರೂ 8 ಬಾರಿ ಬಿಗಿ ಹಿಡಿದು ಬಿಡಬೇಕು, ಅದೂ ಬಲ್ಲವರ ಉಸ್ತುವಾರಿಯಲ್ಲಿ ಅಂತಿದೆ. ಹತ್ತು ಸಿಟಿಂಗ್ ಗ್ಯಾರಂಟಿ ಎಲ್ಲಿಂದ ಬಂತು?

ಹೋಗುವ ಮುಂಚೆ ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿ ಪದವಿಗಳು) ಓದಿದ್ದೀರಾ ಅಂತ ಕೇಳಿ. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆ ಮೇಲೆ ಇದೆಯಾ ನೋಡಿ, ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅನ್ನೋದು ಕಾನೂನು. ಮೂತ್ರದಲ್ಲಿ ರಕ್ತ, ಜ್ವರ, ಮೂತ್ರ ಕಟ್ಟುವುದು, ತೊಡೆ ಸಂದಿಯಲ್ಲಿ ಜೋಮು ಇದ್ದರೆ ಯಾವ ಸೆಂಟರೂ ಬೇಡ, ಸೀದಾ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು: ಮೂತ್ರ ಹನಿಯುತ್ತೆ ಅಂತ ಯಾರಾದರೂ ಗರ್ಭಚೀಲ ತೆಗೆಸಿ ಅಂದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ. ಅದು ಇದಕ್ಕೆ ಮದ್ದಲ್ಲ.

ನನ್ನ ರಸೀದಿಯಲ್ಲಿ ಫಿಸಿಯೋಥೆರಪಿ ಅನ್ನೋ ಪದವೇ ಇಲ್ಲ, "ಬ್ಯೂಟಿ ಸರ್ವೀಸ್" ಅಂತಿದೆ. ನಿಮ್ಮದೂ ಒಮ್ಮೆ ತೆಗೆದು ನೋಡಿ. ಹಾಗೇ ಇದ್ದರೆ ಹರಿದು ಹಾಕಬೇಡಿ, ಫೋಟೋ ತೆಗೆದಿಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.