ಕಾರಿನ ಕಿಟಕಿಗೆ ರಾಗಿ ತುಂಬಿದ ಬೀನ್ ಬ್ಯಾಗ್: ಉದ್ದ ಲೆನ್ಸ್ ಬಳಸುವವರಿಗಾಗಿ ಒಂದು ವಿಮರ್ಶೆ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಸುತ್ತಲಿನ ಹೊಲಗಳಲ್ಲಿ ಮೇಯುವ ಕೃಷ್ಣಮೃಗಗಳು ನಿಂತ ಕಾರಿಗೆ ಅಷ್ಟಾಗಿ ಬೆದರುವುದಿಲ್ಲ. ಬಾಗಿಲು ತೆರೆದು ಒಬ್ಬರು ಕೆಳಗಿಳಿದರೆ ಸಾಕು, ಹಿಂಡಿಗೆ ಹಿಂಡೇ ನೆಗೆದು ದೂರವಾಗುತ್ತದೆ. ಹೀಗಾಗಿ ಇಂಥ ಬಯಲಿನಲ್ಲಿ ಕಾರಿನೊಳಗೇ ಕುಳಿತು ಚಿತ್ರ ತೆಗೆಯುವುದು ಪ್ರಾಣಿಗೂ ಕ್ಷೇಮ, ಚಿತ್ರಕ್ಕೂ ಒಳ್ಳೆಯದು. ಕಾರಿನಲ್ಲಿ ಟ್ರೈಪಾಡ್ ಬಿಡಿಸಲು ಜಾಗವಿಲ್ಲ, ಸುಮಾರು 2 ಕೆ.ಜಿ. ತೂಗುವ 150–600 ಮಿ.ಮೀ. ಲೆನ್ಸನ್ನು ಗಂಟೆಗಟ್ಟಲೆ ಕೈಯಲ್ಲೇ ಹಿಡಿದಿರಲು ಆಗುವುದಿಲ್ಲ. ಈ ತೊಂದರೆಗೆ ನಾನು ನೆಚ್ಚಿಕೊಂಡಿರುವುದು ಎಚ್ ಆಕಾರದ ಬೀನ್ ಬ್ಯಾಗನ್ನು.

ಇದು ದಪ್ಪ ನೈಲಾನ್ ಬಟ್ಟೆಯ ಜೋಡಿ ಚೀಲ. ನಡುವಿನ ಪಟ್ಟಿ ಬಾಗಿಲಿನ ಮೇಲಂಚಿನಲ್ಲಿ ಕೂರುತ್ತದೆ, ಒಂದು ಚೀಲ ಒಳಗೆ, ಇನ್ನೊಂದು ಹೊರಗೆ ಜೋತು ಬೀಳುತ್ತದೆ. ಸಾಮಾನ್ಯವಾಗಿ ಖಾಲಿಯಾಗಿಯೇ ಮಾರುವುದರಿಂದ ಒಳಗೆ ಏನು ತುಂಬುತ್ತೀರಿ ಎಂಬುದರ ಮೇಲೆಯೇ ಇದರ ಯೋಗ್ಯತೆ ನಿಂತಿದೆ. ಥರ್ಮಾಕೋಲ್ ಮಣಿ ಹಗುರವೇನೋ ಹೌದು, ಆದರೆ ಲೆನ್ಸಿನ ಭಾರಕ್ಕೆ ಕುಗ್ಗಿ ಮತ್ತೆ ಪುಟಿಯುತ್ತದೆ. ಅಕ್ಕಿ ಪರವಾಗಿಲ್ಲ, ಆದರೆ ಅದಕ್ಕೆ ಬೇಗ ಹುಳು ಹಿಡಿಯುತ್ತದೆ. ಹುರುಳಿ ಚಪ್ಪಟೆ ಕಾಳಾದ್ದರಿಂದ ಒಂದರ ಮೇಲೊಂದು ಸಲೀಸಾಗಿ ಜಾರುವುದಿಲ್ಲ. ನನ್ನ ಮಟ್ಟಿಗೆ ರಾಗಿಗೆ ಸಮನಾದುದಿಲ್ಲ. ಸಣ್ಣ ಉರುಟು ಕಾಳು ಲೆನ್ಸಿನ ಸುತ್ತ ಹರಿದು ಅದರ ಆಕಾರಕ್ಕೆ ತಕ್ಕಂತೆ ತಗ್ಗು ಮಾಡಿಕೊಡುತ್ತದೆ, ಒತ್ತಿದ ಮೇಲೆ ಕದಲದೆ ನಿಲ್ಲುತ್ತದೆ. ನಾನು ಬಳಸುವ ಚೀಲಕ್ಕೆ 4–5 ಕೆ.ಜಿ. ಹಿಡಿಸುತ್ತದೆ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಬಿಗಿಯಾಗಿ ತುಂಬಿದ ಚೀಲ ಗಟ್ಟಿಯಾಗಿ, ಲೆನ್ಸ್ ಅದರ ಮೇಲೆ ಉರುಳಾಡುತ್ತದೆ.

ಕೂರಿಸುವ ಕ್ರಮವನ್ನೂ ಹೇಳಬೇಕು. ಲೆನ್ಸಿನ ಕಾಲರನ್ನು (ಸುತ್ತಲಿನ ತಿರುಗುವ ಬಳೆಯನ್ನು) ತಿರುಗಿಸಿ, ಅದಕ್ಕಂಟಿದ ಟ್ರೈಪಾಡ್ ಪಾದವನ್ನು ಮೇಲ್ಮುಖವಾಗಿಸಿ, ಉದ್ದವಾಗದ ಹಿಂಭಾಗವನ್ನು ಚೀಲದ ಮೇಲಿಡಬೇಕು. ಜೂಮ್ ಮಾಡಿದಾಗ ಮುಂದಕ್ಕೆ ಚಾಚುವ ಕೊಳವೆಯನ್ನಾಗಲಿ, ಬಿಸಿಲು ತಡೆಯಲು ತುದಿಗೆ ಹಾಕುವ ಹುಡ್ಡನ್ನಾಗಲಿ ಒರಗಿಸಿದರೆ ಭಾರವೆಲ್ಲ ಅದರ ಮೇಲೆ ಬಿದ್ದು ಜೂಮ್ ಬಿಗಿಯುತ್ತದೆ. ಎಡಗೈಯನ್ನು ಲೆನ್ಸಿನ ಮೇಲಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದಾಗ ವ್ಯೂಫೈಂಡರಿನಲ್ಲಿ ಅದುರುತ್ತಿದ್ದ ಚಿತ್ರ ತಟ್ಟನೆ ನಿಲ್ಲುವುದನ್ನು ಕಣ್ಣಾರೆ ಕಾಣಬಹುದು. ಕಣ್ಣಿನ ಮಟ್ಟಕ್ಕೆ ಚೀಲ ಎಟುಕದಿದ್ದರೆ ಗಾಜನ್ನು ಎರಡು ಮೂರು ಇಂಚು ಏರಿಸಿ, ಅದರ ಅಂಚಿನ ಮೇಲೆ ಚೀಲವನ್ನು ಹಾಕಿಕೊಳ್ಳಬಹುದು.

ಇದರ ಲಾಭವನ್ನು ಅಂಕಿಯಲ್ಲೇ ಹೇಳಬಹುದು. ಕೈಯಲ್ಲಿ ಹಿಡಿದಾಗ 600 ಮಿ.ಮೀ.ಗೆ ನಾನು 1/1000 ಸೆಕೆಂಡಿನ ಶಟರ್ ವೇಗಕ್ಕಿಂತ ಕೆಳಗಿಳಿಯುವುದಿಲ್ಲ. ಬ್ಯಾಗಿನ ಮೇಲೆ, ಸುಮ್ಮನೆ ನಿಂತ ಪ್ರಾಣಿಗೆ 1/250 ಸಾಕಾಗುತ್ತದೆ. ಅಂದರೆ ಎರಡು ಸ್ಟಾಪ್ ಉಳಿತಾಯ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಕ್ಯಾಮೆರಾದ ಬೆಳಕಿನ ಸಂವೇದನೆಯಾದ ಐಎಸ್‌ಒ 3200 ಇದ್ದದ್ದು 800ಕ್ಕೆ ಇಳಿಯುತ್ತದೆ; ಅದು ಇಳಿದಷ್ಟೂ ಚಿತ್ರ ಸ್ವಚ್ಛ. ಮುಂಜಾವಿನ ಮಂದ ಬೆಳಕಿನಲ್ಲಿ ಕೃಷ್ಣಮೃಗದ ಕಪ್ಪು ಬೆನ್ನಿನ ಕೂದಲು ಬಿಡಿಬಿಡಿಯಾಗಿ ಮೂಡುವುದೂ, ಒಂದೇ ಕಪ್ಪು ಕಲೆಯಾಗಿ ಉಳಿಯುವುದೂ ಈ ವ್ಯತ್ಯಾಸದಿಂದಲೇ. ಲೆನ್ಸಿನೊಳಗಿನ, ಅದುರುವಿಕೆ ತಗ್ಗಿಸುವ ಸ್ಟೆಬಿಲೈಸೇಶನ್ನನ್ನು ನಾನು ಚಾಲೂ ಇಟ್ಟುಕೊಳ್ಳುತ್ತೇನೆ. ಅದಾಗಲಿ ಬ್ಯಾಗಾಗಲಿ ತಲೆ ತಿರುಗಿಸುವ ಪ್ರಾಣಿಯ ಚಲನೆಯನ್ನು ನಿಲ್ಲಿಸಲಾರವು. ಅದಕ್ಕೆ ಶಟರ್ ವೇಗವನ್ನೇ ಏರಿಸಬೇಕು.

ಎಂಜಿನ್ ಆರಿಸುವುದು ಕಡ್ಡಾಯ. ಬಾಗಿಲಿನ ಸಣ್ಣ ಕಂಪನವೂ ರಾಗಿಯನ್ನು ದಾಟಿ ಲೆನ್ಸಿಗೆ ಬರುತ್ತದೆ. ಎ.ಸಿ.ಯನ್ನೂ ಮೊದಲೇ ನಿಲ್ಲಿಸಿ, ಕಿಟಕಿ ತೆರೆದು ಒಳಗಿನ ಗಾಳಿಯನ್ನು ಹೊರಗಿನದರೊಂದಿಗೆ ಬೆರೆಯಲು ಬಿಡಬೇಕು. ಲೆನ್ಸಿನ ಮುಂದೆ ತಂಪು ಮತ್ತು ಬಿಸಿ ಗಾಳಿ ಕಲೆಯುವಾಗ ಚಿತ್ರ ಮಸುಕಾಗುತ್ತದೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಝಳಕ್ಕೆ ಯಾವ ಆಧಾರವೂ ಮದ್ದಲ್ಲ.

ಕಿಟಕಿ ಗಾಜಿಗೆ ಬಿಗಿಯುವ ಲೋಹದ ಕ್ಲ್ಯಾಂಪನ್ನು ಭಾರದ ಲೆನ್ಸಿಗೆ ನಾನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ಲೆನ್ಸನ್ನು ಎತ್ತ ಬೇಕಾದರೂ ತಿರುಗಿಸಲು ಬಿಡುವ ಬಾಲ್ ಹೆಡ್ಡನ್ನೂ ಕೊಳ್ಳಬೇಕು, ಭಾರವೆಲ್ಲ ಗಾಜಿನ ಮೇಲೆ ಬೀಳುತ್ತದೆ, ಪ್ರಾಣಿ ಕಾರಿನ ಇನ್ನೊಂದು ಬದಿಗೆ ಬಂದರೆ ಬಿಚ್ಚಿ ಮತ್ತೆ ಬಿಗಿಯುವಷ್ಟರಲ್ಲಿ ಅದು ಮರೆಯಾಗಿರುತ್ತದೆ. ಬ್ಯಾಗನ್ನು ಎತ್ತಿ ಆ ಬದಿಗೆ ಹಾಕಿದರಾಯಿತು.

ಕೊರತೆಗಳಿಲ್ಲವೆಂದಲ್ಲ. ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ನೀರಿನಲ್ಲಿರುವಾಗ ಬ್ಯಾಗ್ ಅತ್ಯುತ್ತಮ. ಅವು ಹಾರಿದ ಕೂಡಲೇ ಲೆನ್ಸನ್ನು ಮೇಲೆತ್ತಿ ಕೈಯಲ್ಲೇ ಹಿಡಿಯಬೇಕು. ಮಳೆಯಲ್ಲಿ ನೆಂದ ರಾಗಿ ಮೊಳೆತು ನಾರುತ್ತದೆ, ಹಾಗಾಗಿ ಕಾಳನ್ನು ಒಳಚೀಲದಲ್ಲಿ ತುಂಬಿ, ಆಗಾಗ ಹೊರತೆಗೆದು ಬಿಸಿಲಿಗೆ ಹರಡಬೇಕು. ಕೊಳ್ಳುವಾಗ ಜಿಪ್ಪಿನ ಹೊಲಿಗೆಯನ್ನು ಎಳೆದು ನೋಡಿ. ಕಾಡಿನಂಚಿನಲ್ಲಿ ಕಾಳು ಚೆಲ್ಲಿ ಕೋತಿಗಳನ್ನು ರಸ್ತೆಗೆ ಕರೆಯುವಂತಾಗಬಾರದು. ಕಬಿನಿ, ಬಂಡೀಪುರಗಳ ಸಫಾರಿ ಜೀಪಿನ ತೆಳ್ಳನೆಯ ಕಂಬಿಯ ಮೇಲೆ ಈ ಚೀಲ ಜಾರುತ್ತದೆ, ಆದ್ದರಿಂದ ಅಲ್ಲಿಗೂ ಒಯ್ಯುವವರು ಅಡಿಯಲ್ಲಿ ಬಿಗಿಯುವ ಪಟ್ಟಿಯಿರುವುದನ್ನೇ ಆರಿಸಿಕೊಳ್ಳಿ.