ತಲೆಕೆಳಗೆ ನಿಲ್ಲಿಸದ ಯೋಗ ಕ್ಲಾಸ್: 30 ಕ್ಲಾಸ್ ಮುಗಿಸಿದ್ಮೇಲೆ ನನ್ನ ರಿವ್ಯೂ

ದಿನಕ್ಕೆ ಎಂಟೊಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂತೂ ಕೂತೂ ಸೊಂಟ ಹಿಡ್ಕೊಂಡಿತ್ತು, ಡಾಕ್ಟ್ರು ನೋಡಿ ದೊಡ್ಡದೇನಿಲ್ಲ ಸ್ವಲ್ಪ ಮೈ ಆಡಿಸಿ ಅಂದ್ಬಿಟ್ರು, ಸರಿ ಅಂತ ಈ ಆನ್‌ಲೈನ್ ಬಿಗಿನರ್ಸ್ ಬ್ಯಾಚ್‌ಗೆ ಸೇರ್ಕೊಂಡೆ. ವಾರಕ್ಕೆ ಐದು ದಿನ, ಆರು ವಾರ. ಇದಕ್ಕೆ ಮುಂಚೆ ಬೇರೆ ಒಂದು ಕಡೆ ಹೋಗಿದ್ದೆ, ಹೆಸರು ಬೇಡ ಬಿಡಿ, ಮೊದಲ ದಿನಾನೇ ಚಕ್ರಾಸನಕ್ಕೆ ಎತ್ತಿ ನಿಲ್ಸಿದ್ರು, ಮಣಿಕಟ್ಟು ಒಂದು ವಾರ ನೋವು. ಹಾಗಾಗಿ ಇಲ್ಲಿಗೆ ಬಂದಾಗ ಅರ್ಧ ಭಯ, ಅರ್ಧ ಡೌಟು.

ಮೊದಲ ದಿನ ಒಂದೇ ಒಂದು ಆಸನ ಇಲ್ಲ! ಬರೀ ಮಾತು. ದುಡ್ಡು ದಂಡ ಅನ್ಕೊಂಡೆ, ನಿಜ ಹೇಳ್ತೀನಿ. ಆದ್ರೆ ಮೇಡಂ ಹೇಳಿದ ರೀತಿ ಚೆನ್ನಾಗಿತ್ತು. ಯೋಗ ಅನ್ನೋ ಪದ ‘ಯುಜ್’ ಧಾತುವಿಂದ ಬಂದಿದ್ದು, ಅದಕ್ಕೆ ಕೂಡಿಸೋದು ಅನ್ನೋ ಅರ್ಥ ಎಲ್ಲರಿಗೂ ಗೊತ್ತು, ಸಮಾಧಿ, ಅಂದ್ರೆ ಮನಸ್ಸು ಪೂರ್ತಿ ಒಂದೇ ಕಡೆ ನೆಲೆ ನಿಲ್ಲೋದು ಅನ್ನೋ ಇನ್ನೊಂದು ಅರ್ಥಾನೂ ಇದೆ, ಪತಂಜಲಿಯ ಯೋಗಸೂತ್ರ ಗ್ರಂಥಕ್ಕೆ ಭಾಷ್ಯ ಬರೆದ ವ್ಯಾಸರು ಹಿಡ್ಕೊಂಡಿರೋದು ಈ ಎರಡನೇದನ್ನ. ಎರಡನೇ ಸೂತ್ರದಲ್ಲೇ ಪತಂಜಲಿ ‘ಯೋಗಶ್ಚಿತ್ತವೃತ್ತಿನಿರೋಧಃ’ ಅಂತ ಹೇಳಿ ಮುಗಿಸಿಬಿಟ್ಟಿದಾರೆ, ಅಂದ್ರೆ ಮನಸ್ಸಿನ ಓಡಾಟ ನಿಲ್ಲೋದು. ನೂರಾ ತೊಂಬತ್ತೈದು ಚಿಲ್ಲರೆ ಸೂತ್ರದಲ್ಲಿ ಆಸನ ಹೇಗಿರಬೇಕು ಅಂತ ಹೇಳೋದು ಮೂರೇ ಮೂರು. ನಾನಂತೂ ಕಾಲು ಕತ್ತಿಗೆ ಹಾಕ್ಕೊಳ್ಳೋದೇ ಯೋಗ ಅಂತ ತಿಳ್ಕೊಂಡಿದ್ದೋನು.

ಆ ಮೂರರಲ್ಲಿ ಮೊದಲನೇದು ‘ಸ್ಥಿರಸುಖಮಾಸನಮ್’. ಸ್ಥಿರವಾಗೂ ಇರಬೇಕು, ಸುಖವಾಗೂ ಇರಬೇಕು. ಇಡೀ ಕೋರ್ಸ್ ನಿಂತಿರೋದು ಈ ಒಂದು ಸೂತ್ರದ ಮೇಲೆ, ನನಗೆ ಇಷ್ಟ ಆಗಿದ್ದೂ ಅದೇ. ಉದಾಹರಣೆಗೆ ಚಕ್ಕಳಮಕ್ಕಳ ಹಾಕಿ ಕೂರಿ ಅಂದಾಗ ನನ್ನ ಮಂಡಿ ಎರಡೂ ಕಿವಿ ಹತ್ರ, ಬೆನ್ನು ಬಿಲ್ಲು. ಮೇಡಂ ಕ್ಯಾಮೆರಾದಲ್ಲಿ ನೋಡಿ, "ದಿಂಬು ಇದ್ಯಾ? ಮಡಚಿ ಅದರ ಮೇಲೆ ಕೂತ್ಕೊಳ್ಳಿ" ಅಂದ್ರು. ಸೊಂಟ ಮಂಡಿಗಿಂತ ಎತ್ತರಕ್ಕೆ ಬಂದಿದ್ದೇ ತಡ, ಬೆನ್ನು ತಾನಾಗೇ ನೆಟ್ಟಗಾಯ್ತು, ನಾನೇನೂ ಮಾಡ್ಲೇ ಇಲ್ಲ. ತ್ರಿಕೋನಾಸನದಲ್ಲಿ ಜೋರಾಗಿ ಐದರವರೆಗೆ ಎಣಿಸಿ ಅಂತಾರೆ, ಎಣಿಸೋಕೆ ಆಗದೆ ಉಸಿರು ತಡವರಿಸಿದ್ರೆ ಕೈ ಪಾದದಿಂದ ಮೀನಖಂಡಕ್ಕೆ ಏರಿಸ್ಬೇಕು, ಅಲ್ಲೂ ಆಗ್ಲಿಲ್ವಾ, ಮಂಡಿಗೆ. ಪಕ್ಕದೋರು ಎಷ್ಟು ಬಗ್ಗಿದ್ರು ಅನ್ನೋ ಲೆಕ್ಕಾನೇ ಇಲ್ಲ.

ನಿಂತು ಮಾಡೋ ಆಸನಗಳೆಲ್ಲಾ ಹಳೇ ಕಾಲದವೇನಾ ಅಂತ ಒಬ್ರು ಕೇಳಿದ್ದಕ್ಕೆ ಸಿಕ್ಕ ಉತ್ತರಾನೂ ಚೆನ್ನಾಗಿತ್ತು. ಹದಿನೈದನೇ ಶತಮಾನದ ಹಠಯೋಗ ಪ್ರದೀಪಿಕೆ ಅನ್ನೋ ಗ್ರಂಥ ವಿವರಿಸೋದು 15 ಆಸನ, ಹೆಚ್ಚಿನವು ಕೂತು ಮಾಡೋವು, ಈಗ ನಾವು ಕ್ಲಾಸಲ್ಲಿ ನೋಡೋ ರೂಪಕ್ಕೆ 1930ರ ದಶಕದಲ್ಲಿ ಮೈಸೂರಲ್ಲಿ ಯೋಗ ಕಲಿಸ್ತಿದ್ದ ಕೃಷ್ಣಮಾಚಾರ್ಯರ ಪಾಲು ದೊಡ್ಡದು, ಹೆಸರಾಂತ ಯೋಗ ಗುರುಗಳಾದ ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರೇ.

ಉಪಯೋಗ ಆಯ್ತಾ ಅಂದ್ರೆ, ಆಯ್ತು. ಮೂರನೇ ವಾರಕ್ಕೆ ಕುರ್ಚಿಯಿಂದ ಏಳುವಾಗ "ಅಮ್ಮಾ" ಅನ್ನೋದು ನಿಂತಿತ್ತು. ಇದು ನನ್ನೊಬ್ಬನ ಕಥೆ ಅನ್ಕೋಬೇಡಿ, ಹಳೇ ಸೊಂಟನೋವಿಗೆ ಮಾತ್ರೆಗೆ ಮುಂಚೆ ನೋಡಬಹುದಾದ ದಾರಿಗಳಲ್ಲಿ ಯೋಗಾನೂ ಒಂದು ಅಂತ ಅಮೆರಿಕದ ವೈದ್ಯರ ಸಂಸ್ಥೆಯ 2017ರ ಮಾರ್ಗಸೂಚಿಯಲ್ಲೇ ಇದೆ. ನಿದ್ದೆಗಂತೂ ನಾಲ್ಕೆಣಿಸಿ ಉಸಿರು ತಗೊಂಡು ಆರೆಣಿಸಿ ಬಿಡೋದು ಒಂದೇ ಸಾಕು, ಬಿಡೋ ಉಸಿರು ಉದ್ದ ಆದಷ್ಟೂ ಎದೆಬಡಿತ ನಿಧಾನ ಆಗೋದು ನಮಗೇ ಗೊತ್ತಾಗುತ್ತೆ. ತೂಕ? ಒಂದು ಗ್ರಾಂ ಇಳಿದಿಲ್ಲ.

ಇನ್ನು ದೂರು. ಯಮ, ನಿಯಮ ಅಂತ ಎಂಟು ಅಂಗದ ಪಟ್ಟಿ ಹೇಳಿ ಅಹಿಂಸೆ, ಅಪರಿಗ್ರಹ (ಬೇಡದ್ದನ್ನ ಕೂಡಿಡದೆ ಇರೋದು) ಎಲ್ಲಾ ಹತ್ತೇ ನಿಮಿಷದಲ್ಲಿ ಮುಗಿಸಿದ್ರು, ಪ್ರತ್ಯಾಹಾರದಿಂದ (ಇಂದ್ರಿಯಗಳನ್ನ ಒಳಕ್ಕೆ ಎಳ್ಕೊಳ್ಳೋದು) ಮುಂದಕ್ಕಂತೂ ರೈಲು ಓಡಿಸಿದಂಗೆ. ನಡುವೆ ಗೆಸ್ಟ್ ಆಗಿ ಬಂದ ಒಬ್ಬರು ಥೈರಾಯ್ಡ್, ಶುಗರ್ ಎಲ್ಲಾ ಬೇರುಸಮೇತ ಹೋಗುತ್ತೆ ಮಾತ್ರೆ ಬಿಡಿ ಅಂದ್ರು, ದಯವಿಟ್ಟು ಇಂಥದ್ದನ್ನ ಕೇಳ್ಬೇಡಿ, ಡಾಕ್ಟ್ರನ್ನ ಕೇಳದೆ ಒಂದು ಮಾತ್ರೇನೂ ಬಿಡ್ಬೇಡಿ. ಶುರುವಲ್ಲಿ ತುಂಬಿಸ್ಕೊಳ್ಳೋ ಫಾರ್ಮ್‌ನಲ್ಲಿ ಬಿಪಿ, ಗ್ಲಾಕೋಮಾ ಇದ್ಯಾ ಅಂತ ಕೇಳೇ ಇಲ್ಲ, ಗ್ಲಾಕೋಮಾ ಇರೋರು ತಲೆ ಕೆಳಗೆ ಮಾಡಿದ್ರೆ ಕಣ್ಣಿನೊಳಗಿನ ಒತ್ತಡ ಏರುತ್ತೆ, ಇಲ್ಲಿ ಶೀರ್ಷಾಸನ ಇಲ್ದೇ ಇದ್ದಿದ್ದಕ್ಕೆ ಬಚಾವ್. ಆಮೇಲೆ ಶವಾಸನದಲ್ಲಿ ಎಲ್ಲರೂ ಹೆಣದ ಥರ ಮಲಗಿದಾಗ ಆಪ್‌ನಿಂದ "ನಿಮ್ಮ ಸ್ನೇಹಿತರನ್ನು ಆಹ್ವಾನಿಸಿ" ಅಂತ ಟಿಂಗ್ ಟಿಂಗ್, ಚಿತ್ತವೃತ್ತಿ ನಿರೋಧ ಅಲ್ಲಿಗೇ ಢಮಾರ್.

ಐದಕ್ಕೆ ನಾಲ್ಕು ಸ್ಟಾರ್. ಮುಂದಿನ ಬ್ಯಾಚ್‌ಗೂ ಹೆಸರು ಕೊಟ್ಟಿದೀನಿ, ಅಷ್ಟರಲ್ಲಿ ಹೊಸ ದಿಂಬು ತಗೋಬೇಕು, ಇದು ಕೂತೂ ಕೂತೂ ರೊಟ್ಟಿ ಆಗೋಗಿದೆ.