ಮಣ್ಣಿನ ತೂತು ಅಳೆಯಲು ಮೊಬೈಲೋ, ರೆಸಿನ್ನೋ, ನೀಲಿ ಪ್ಲಾಸ್ಟರೋ?

ಪೆರ್ಲದ ಹತ್ತಿರ ನಮ್ಮ ಅಡಕೆ ತೋಟದಲ್ಲಿ ಎರಡು ತುಂಡು ಜಾಗ. ಒಂದು ಅಜ್ಜನ ಕಾಲದ್ದು, ವರ್ಷ ವರ್ಷ ಸೊಪ್ಪು ಹಾಕಿದ್ದು. ಇನ್ನೊಂದು ನಾಲ್ಕು ವರ್ಷದ ಹಿಂದೆ ಜೆಸಿಬಿ ಓಡಿಸಿ ಸಮ ಮಾಡಿದ್ದು. ಹಳೆಯದರಲ್ಲಿ ಮಳೆನೀರು ಇಂಗುತ್ತದೆ, ಹೊಸದರಲ್ಲಿ ನಿಲ್ಲುತ್ತದೆ. ನೀರು ಇಳಿಯುವುದು ಮಣ್ಣಿನೊಳಗಿನ ತೂತುಗಳಲ್ಲಿ; ಅವುಗಳ ವ್ಯತ್ಯಾಸವನ್ನು ಫೋಟೋದಿಂದ ಅಳೆಯಲು ಆಗುತ್ತದಾ ಅಂತ ಕಳೆದ ಬೇಸಗೆಯಲ್ಲಿ ನೋಡಿದೆ. ಲೆಕ್ಕಕ್ಕೆ ಬಳಸಿದ್ದು ಇಮೇಜ್‌ಜೆ ಅನ್ನುವ, ಫೋಟೋ ಅಳೆಯುವ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಮೊದಲು ಮೊಬೈಲು. ಮಣ್ಣಿನ ಹೆಂಟೆಯನ್ನು ಚೂರಿಯಿಂದ ಕೊಯ್ದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದೆ. ಕಪ್ಪಾಗಿ ಕಂಡದ್ದೆಲ್ಲ ತೂತು ಅಂತ ಲೆಕ್ಕ. ಕಪ್ಪು ಎಲ್ಲಿಂದ ಶುರು ಅಂತ ಗೆರೆ ಎಳೆಯಲು 1979ರ ಒಟ್ಸು ವಿಧಾನ ಇಮೇಜ್‌ಜೆಯಲ್ಲೇ ಇದೆ. ಚಿತ್ರದಲ್ಲಿ ಕಪ್ಪು-ಬಿಳುಪು ಎರಡು ಗುಂಪಾಗಿ ಚೆನ್ನಾಗಿ ಬೇರ್ಪಟ್ಟಿದ್ದರೆ ಅದು ಸರಿಯಾಗಿ ಗೆರೆ ಎಳೆಯುತ್ತದೆ. ನಮ್ಮ ಮುರಮಣ್ಣಿನಲ್ಲಿ ಎಲ್ಲಿ ಬೇರ್ಪಡಬೇಕು? ಕಬ್ಬಿಣದ ಅಂಶ ಗಟ್ಟಿಯಾದ ಕಪ್ಪು ಹರಳುಗಳು, ಕೊಳೆತ ಬೇರು, ಚೂರಿ ಎಳೆದ ಗೆರೆಯ ನೆರಳು, ಎಲ್ಲವೂ ತೂತಾಗಿ ಲೆಕ್ಕಕ್ಕೆ ಸೇರಿದವು. ಗೆರೆಯನ್ನು ಕೈಯಲ್ಲಿ ಸ್ವಲ್ಪ ಆಚೀಚೆ ಮಾಡಿದರೆ ಉತ್ತರ ದುಪ್ಪಟ್ಟು. ಹೆಂಟೆಯನ್ನು ಸ್ಕ್ಯಾನರ್ ಗಾಜಿನ ಮೇಲೆ ಮಗುಚಿಯೂ ನೋಡಿದೆ. 1200 ಡಿಪಿಐಯಲ್ಲಿ (ಇಂಚಿಗೆ 1200 ಚುಕ್ಕೆ) ಒಂದು ಚುಕ್ಕೆ ಸುಮಾರು 21 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 21 ಪಾಲು, ಬೆಳಕೂ ಒಂದೇ ಸಮ. ಆದರೆ ಹರಳಿನ ಕಥೆ ಅದೇ, ಮೇಲಿಂದ ಗಾಜಿಗೆ ಗೀರು ಬೇರೆ.

ರೆಸಿನ್, ಅಂದರೆ ಹೊಯ್ದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು, ನಿಜವಾದ ಲ್ಯಾಬಿನ ದಾರಿ. ಹೊಳೆಯುವ ಬಣ್ಣ ಬೆರೆಸಿದ ರೆಸಿನ್ನನ್ನು ಮಣ್ಣಿಗೆ ಕುಡಿಸಿ, ಗಟ್ಟಿಯಾದ ಮೇಲೆ ಕೊಯ್ದು, ಕತ್ತಲೆ ಕೋಣೆಯಲ್ಲಿ ಯುವಿ ದೀಪ ಹಾಕಿದರೆ ತೂತುಗಳು ಮಾತ್ರ ಮಿನುಗುತ್ತವೆ. ಹರಳು ಕಪ್ಪಾಗಿಯೇ ಉಳಿಯುತ್ತದೆ, ಗೊಂದಲವಿಲ್ಲ. ಆದರೆ ಮಣ್ಣು ಪೂರ್ತಿ ಒಣಗಿರಬೇಕು. ಅವಸರಕ್ಕೆ ಬಿಸಿಲಿಗಿಟ್ಟ ಹೆಂಟೆ ಬಿರುಕು ಬಿಟ್ಟು, ಇಲ್ಲದ ಸಂದನ್ನು ನಾನೇ ಸೃಷ್ಟಿಸಿದೆ. ಎರಡನೆಯದನ್ನು ಅಡಕೆ ಹಾಳೆಯ ಮೇಲೆ ನೆರಳಲ್ಲಿಟ್ಟು ಮೂರು ವಾರ ಕಾದೆ. ಅಂಗಡಿಯ ದಪ್ಪ ಎಪಾಕ್ಸಿ ರೆಸಿನ್ ಬೆರಳಗಲ ಇಳಿದು ನಿಂತಿತು. ಟೈಲ್ಸ್ ಕೊಯ್ಯುವವರಲ್ಲಿ ಕೊಯ್ಸುವಾಗ ಒಳಗಿನ ಮಣ್ಣು ಪುಡಿಯಾಗಿ ಉದುರಿತು. ತೆಳು ರೆಸಿನ್ನು, ಗಾಳಿ ಎಳೆಯುವ ಪಂಪು ಇಲ್ಲದೆ ಇದು ಮನೆಯ ಕೆಲಸವಲ್ಲ. "ಇದಕ್ಕಿಂತ ಆಸ್ಪತ್ರೆಗೆ ಕೊಂಡೋಗಿ ಸ್ಕ್ಯಾನ್ ಮಾಡಿಸು ಭಾವ" ಅಂದ ತಂಗಿಯ ಗಂಡ. ಅವನು ತಮಾಷೆಗೆ ಹೇಳಿದ್ದು, ಆದರೆ ಸಂಶೋಧನೆಯವರು ಮಾಡುವುದು ಅದನ್ನೇ: ಎಕ್ಸ್-ರೇ ಸಿಟಿ ಸ್ಕ್ಯಾನ್.

ಕೊನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಮಜ್ಜಿಗೆಯಷ್ಟು ನೀರಾಗಿ ಕಲಸಿ ನೆಲಕ್ಕೆ ಹೊಯ್ಯುವುದು, ಮರುದಿನ ಪದರ ಪದರವಾಗಿ ಕೆರೆದು ಫೋಟೋ ತೆಗೆಯುವುದು. ಬಿಳಿಯಾಗಿಯೇ ಹೊಯ್ದದ್ದು ತಪ್ಪಾಯಿತು. ಕೆಳಗೆ ಹೋದಂತೆ ನಮ್ಮ ಮುರದಲ್ಲಿ ಬಿಳಿ ಜೇಡಿಯ ಎಳೆ ಸಿಗುತ್ತದೆ, ಪ್ಲಾಸ್ಟರು ಯಾವುದು ಜೇಡಿ ಯಾವುದು ಗೊತ್ತಾಗಲಿಲ್ಲ. ಮುಂದಿನ ಸಲ ಬಟ್ಟೆಗೆ ಹಾಕುವ ನೀಲಿ ಬೆರೆಸಿದೆ. ಕೆಂಪು ಮಣ್ಣಲ್ಲಿ ನೀಲಿ ಚುಕ್ಕೆ! ಇಮೇಜ್‌ಜೆಗೂ ತಕರಾರಿಲ್ಲ. ಎರೆಹುಳದ ದಾರಿ ದುಂಡಗೆ, ಬಿರುಕು ಉದ್ದಕ್ಕೆ. ಆಕಾರದಿಂದಲೇ ಬೇರೆ ಮಾಡಬಹುದು. ನಾಲ್ಕು ಇಂಚು ಆಳದಲ್ಲಿ ಒಂದು ಚದರಡಿಗೆ ಹಳೇ ಜಾಗದಲ್ಲಿ 34 ಚುಕ್ಕೆ, ಜೆಸಿಬಿ ಜಾಗದಲ್ಲಿ 2. ಅಲ್ಲಿ ಪ್ಲಾಸ್ಟರು ಹೆಚ್ಚಿನದೂ ಮೇಲೆಯೇ ದೋಸೆಯ ಹಾಗೆ ಕೂತಿತ್ತು.

ತಾಳೆ ನೋಡಲು ಒಳಗಿನ ಅಳತೆ ಗೊತ್ತಿರುವ ಉಕ್ಕಿನ ಬಳೆಯನ್ನು ನೆಲಕ್ಕೆ ಹೊಡೆದು ಮಣ್ಣು ತೆಗೆದು, 105 ಡಿಗ್ರಿಯಲ್ಲಿ ಒಣಗಿಸಿ ತೂಗಿದೆ. ಘನ ಸೆಂಟಿಮೀಟರಿಗೆ ಹಳೆಯದು 1.2 ಗ್ರಾಂ, ಹೊಸದು 1.45. ಮಣ್ಣಿನ ಕಣದ ಸಾಂದ್ರತೆ 2.65 ಅಂತ ಹಿಡಿದರೆ ಖಾಲಿ ಜಾಗ ಶೇ. 55 ಮತ್ತು 45. ಬರೀ ಹತ್ತರ ಅಂತರ! ಪ್ಲಾಸ್ಟರಿನಲ್ಲಿ ನೋಡಿದರೆ ಅಜಗಜಾಂತರ. ಎರಡೂ ಸುಳ್ಳಲ್ಲ. ಬಳೆ ಕಣ್ಣಿಗೆ ಕಾಣದ ಸಣ್ಣ ಸಂದುಗಳನ್ನೂ ಲೆಕ್ಕ ಹಿಡಿಯುತ್ತದೆ. ಪ್ಲಾಸ್ಟರು ಮಿಲಿಮೀಟರಿಗಿಂತ ಸಣ್ಣದಕ್ಕೆ ಹೆಚ್ಚೇನೂ ಇಳಿಯುವುದಿಲ್ಲ. ಭಾರ ಬಿದ್ದಾಗ ಮೊದಲು ಮುಚ್ಚುವುದು ದೊಡ್ಡ ತೂತುಗಳೇ, ಜೋರು ಮಳೆ ಬೇಗ ಇಳಿಯುವುದೂ ಅವುಗಳಲ್ಲೇ.

ಹಾಗಾಗಿ ನನ್ನ ಓಟು ನೀಲಿ ಪ್ಲಾಸ್ಟರಿಗೆ, ಜೊತೆಗೆ ಒಂದು ಬಳೆ. ಮಳೆಗಾಲ ಮುಗಿದ ಮೇಲೆ ಜೆಸಿಬಿ ಜಾಗದಲ್ಲಿ ಸೊಪ್ಪು ಹಾಕಿದ ಬುಡ, ಹಾಕದ ಬುಡ ಎರಡಕ್ಕೂ ಹೊಯ್ದು ನೋಡಬೇಕು. ನೀಲಿ ಬಾಟಲಿ ಎಲ್ಲಿ ಹೋಯಿತು ಅಂತ ಅಮ್ಮ ಈಗಲೂ ಹುಡುಕುತ್ತಿದ್ದಾರೆ.